ಪಿಕಪ್‌ಗೆ ಮರದ ಕವಚ: ಬೆಲೆ ಮರಕ್ಕಲ್ಲ, ಅಳತೆಗೆ

ಮರದ ಉದ್ಯಮವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪೀಠೋಪಕರಣ, ಬಾಗಿಲು-ಕಿಟಕಿ, ಆಟಿಕೆ ಹಾಗೂ ಅಲಂಕಾರಿಕ ಕರಕುಶಲ ವಸ್ತುಗಳು. ಈ ಸಾಲಿನಲ್ಲಿ ಹೆಸರೇ ಕೇಳಿಬರದ ಅತಿ ಸಣ್ಣ ಸರಕೊಂದಿದೆ. ಅದು ಬೇಸ್ ಗಿಟಾರಿನ ಪಿಕಪ್‌ಗೆ ತೊಡಿಸುವ ಮರದ ಕವಚ. ಎರಡು ಬೆಂಕಿಪೊಟ್ಟಣಗಳನ್ನು ಉದ್ದಕ್ಕೆ ಜೋಡಿಸಿಟ್ಟರೆ ಎಷ್ಟಾಗುವುದೋ ಸುಮಾರು ಅಷ್ಟೇ ಇದರ ಗಾತ್ರ. ಬಡಗಿಯ ಕಾರ್ಖಾನೆಯಲ್ಲಿ ಒಲೆಗೆ ಹೋಗುವ ತುಂಡಿನಲ್ಲಿಯೂ ಇದನ್ನು ಮಾಡಬಹುದು. ಆದರೆ ಅಂಥ ತುಂಡನ್ನು ಮಾರಾಟಕ್ಕೆ ಯೋಗ್ಯವಾದ ಕವಚವನ್ನಾಗಿಸುವುದು ಮರದ ಗುಣವಲ್ಲ, ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಕಾಯ್ದುಕೊಂಡ ಅಳತೆ. ಮರದ ಸಣ್ಣ ಉದ್ದಿಮೆಗಳು ಯಾವ ದಿಕ್ಕಿನಲ್ಲಿ ಬೆಳೆಯಬಹುದು, ಎಲ್ಲಿ ಎಡವಬಹುದು ಎಂಬುದಕ್ಕೆ ಈ ಪುಟ್ಟ ಸರಕು ಒಳ್ಳೆಯ ನಿದರ್ಶನವಾಗಿದೆ.

ಪಿಕಪ್ ಎಂದರೇನು?

ವಿದ್ಯುತ್ ಗಿಟಾರಿಗೆ ವೀಣೆಯ ಬುರುಡೆಯಂತಹ ಟೊಳ್ಳು ಒಡಲು ಇರುವುದಿಲ್ಲ. ಅದರ ದೇಹ ಗಟ್ಟಿ ಮರದ ಹಲಗೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸಿ ಧ್ವನಿವರ್ಧಕಕ್ಕೆ ಕಳುಹಿಸುವ ಸಾಧನವೇ ಪಿಕಪ್. ಅಯಸ್ಕಾಂತ ಹಾಗೂ ಅದರ ಸುತ್ತ ಸುತ್ತಿದ ತಾಮ್ರದ ತಂತಿಯ ಸುರುಳಿ ಇದರ ಮುಖ್ಯ ಅಂಗಗಳು. ಉಕ್ಕಿನ ತಂತಿಯು ಅಯಸ್ಕಾಂತ ಕ್ಷೇತ್ರದಲ್ಲಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸುರುಳಿಗೆ ಸಾಮಾನ್ಯವಾಗಿ ಬಳಸುವ 42 ಗೇಜ್ ತಂತಿಯ ವ್ಯಾಸ ಸುಮಾರು 0.063 ಮಿ.ಮೀ. ಮಾತ್ರ, ಅಂದರೆ ತಲೆಗೂದಲಿನಷ್ಟು ತೆಳು. ಇಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುವುದರಿಂದ ಅದಕ್ಕೆ ರಕ್ಷಣೆ ಅವಶ್ಯ. ಆ ರಕ್ಷಣೆಯೇ ಕವಚದ ಮೊದಲ ಕೆಲಸ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ಅವರ ಸಂಸ್ಥೆಯು 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಿತು. 1960ರಲ್ಲಿ ‘ಜಾಝ್ ಬೇಸ್’ ಬಂದಿತು. ಈ ವಾದ್ಯಗಳ ಪಿಕಪ್‌ಗಳ ಮೇಲೆ ಆ ಕಾಲದಲ್ಲಿ ಕ್ರೋಮ್ ಲೇಪಿತ ಲೋಹದ ದೊಡ್ಡ ಮುಚ್ಚಳವೊಂದನ್ನು ಕೂರಿಸಲಾಗುತ್ತಿತ್ತು. ಅನೇಕ ವಾದಕರು ಕೈಗೆ ಅಡ್ಡಬರುತ್ತದೆಂದು ಅದನ್ನು ಕಳಚಿಡುತ್ತಿದ್ದರು. ಕೆಳಗಿನ ಪಿಕಪ್‌ಗೆ ಮಾತ್ರ ಕಪ್ಪು ಪ್ಲಾಸ್ಟಿಕ್ ಕವಚ ರೂಢಿಗೆ ಬಂದಿತು. ಮುಂದೆ ಆಯತಾಕಾರದ, ಪೂರ್ಣ ಮುಚ್ಚಿದ, ಸಾಬೂನಿನ ಬಿಲ್ಲೆಯನ್ನು ಹೋಲುವ ಪಿಕಪ್‌ಗಳು ಜನಪ್ರಿಯವಾದವು. ಇವನ್ನು ‘ಸೋಪ್‌ಬಾರ್’ ಎಂದೇ ಕರೆಯುತ್ತಾರೆ. ಮರದ ಕವಚಕ್ಕೆ ಹೆಚ್ಚಾಗಿ ಒಗ್ಗುವುದು ಇದೇ ಆಕಾರ.

ಬೇಡಿಕೆ ಎಲ್ಲಿಂದ?

1970ರ ದಶಕದಿಂದೀಚೆಗೆ ಬೇಸ್ ಗಿಟಾರ್ ತಯಾರಿಕೆಯಲ್ಲಿ ಎರಡು ಪ್ರವಾಹಗಳು ಕಂಡುಬರುತ್ತವೆ. ಒಂದು, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ವಾದ್ಯ. ಮತ್ತೊಂದು, ಕ್ಯಾಲಿಫೋರ್ನಿಯಾದ ಅಲೆಂಬಿಕ್, 1983ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾದ ಫೊಡೆರಾ ಮುಂತಾದ ಸಣ್ಣ ಸಂಸ್ಥೆಗಳು ಹಾಗೂ ಒಬ್ಬಂಟಿ ಕುಶಲಕರ್ಮಿಗಳು ಗ್ರಾಹಕನ ಇಚ್ಛೆಯಂತೆ ಮಾಡಿಕೊಡುವ ವಾದ್ಯ. ಈ ಎರಡನೆಯ ಬಗೆಯ ವಾದ್ಯಗಳಲ್ಲಿ ಬಣ್ಣದ ಬದಲು ಮರದ ಸಹಜ ಎಳೆಗಳನ್ನೇ ಮೆರೆಸುವುದು ಪದ್ಧತಿ. ಅಂದವಾದ ಮರದ ಹಲಗೆಯ ನಡುವೆ ಕಪ್ಪು ಪ್ಲಾಸ್ಟಿಕ್ಕಿನ ಎರಡು ಬಿಲ್ಲೆಗಳು ಕುಳಿತರೆ ನೋಟಕ್ಕೆ ಊನವೆಂಬ ಭಾವನೆಯಿಂದ ಮರದ ಕವಚಕ್ಕೆ ಬೇಡಿಕೆ ಹುಟ್ಟಿತು.

ಇದರಲ್ಲಿಯೂ ಅತ್ಯಂತ ಬೆಲೆಯುಳ್ಳದ್ದು, ವಾದ್ಯದ ಮೇಲ್ಮೈಗೆ ಬಳಸಿದ ಹಲಗೆಯದೇ ಉಳಿಕೆ ತುಂಡಿನಿಂದ ಮಾಡಿದ ಕವಚ. ಹಲಗೆಯ ಎಳೆಯು ಕವಚದ ಮೇಲೆಯೂ ಕಡಿಯದೆ ಮುಂದುವರಿದಂತೆ ತೋರಬೇಕು. ಆ ತುಂಡು ಹಾಳಾದರೆ ಅದಕ್ಕೆ ಹೊಂದುವ ಮತ್ತೊಂದು ತುಂಡು ಜಗತ್ತಿನಲ್ಲಿಯೇ ಇರುವುದಿಲ್ಲ. ಗ್ರಾಹಕನು ತುಂಡನ್ನು ಕಳುಹಿಸಿಕೊಟ್ಟಾಗ ತಯಾರಕನು ಹೊರುವ ಹೊಣೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಒಳ್ಳೆಯದು. ಮರದ ಕವಚದಿಂದ ನಾದ ‘ಬೆಚ್ಚಗಾಗುತ್ತದೆ’ ಎಂದು ಹೇಳುವವರಿದ್ದಾರೆ. ಮರವು ಅಯಸ್ಕಾಂತೀಯ ವಸ್ತುವಲ್ಲ, ವಿದ್ಯುದ್ವಾಹಕವೂ ಅಲ್ಲ. ಆದ್ದರಿಂದ ಅಯಸ್ಕಾಂತ ಕ್ಷೇತ್ರದ ದೃಷ್ಟಿಯಿಂದ ಅದು ಪ್ಲಾಸ್ಟಿಕ್ಕಿಗೆ ಸಮಾನ. ನಾದ ಬದಲಾದರೆ ಅದಕ್ಕೆ ಕಾರಣ ಮರದ ಜಾತಿಯಲ್ಲ. ಕವಚದ ದಪ್ಪದಿಂದಾಗಿ ತಂತಿ ಮತ್ತು ಅಯಸ್ಕಾಂತದ ನಡುವಿನ ಅಂತರ ಹೆಚ್ಚಿರುವುದು. ಅಂದಕ್ಕಾಗಿ ಮಾರಬೇಕಾದ ಸರಕನ್ನು ನಾದದ ಹೆಸರಿನಲ್ಲಿ ಮಾರಿದರೆ ಗ್ರಾಹಕನ ವಿಶ್ವಾಸ ಬಹುಕಾಲ ಉಳಿಯದು.

ಅಳತೆಯ ಶಿಸ್ತು

ಸೋಪ್‌ಬಾರ್ ಪಿಕಪ್‌ಗಳಿಗೆ ಜಾಗತಿಕ ಮಾನಕವೊಂದಿಲ್ಲ. 1976ರಲ್ಲಿ ಆರಂಭವಾದ ಅಮೆರಿಕದ ಇಎಂಜಿ ಸಂಸ್ಥೆಯ ಅಳತೆಗಳು ಬಳಕೆಯಿಂದ ಮಾನಕದಂತಾಗಿವೆ. ನಾಲ್ಕು ತಂತಿಯ ವಾದ್ಯಕ್ಕೆ ಹೆಚ್ಚಾಗಿ ಬಳಸುವ ‘35’ ಮಾದರಿಯ ಉದ್ದ 3.5 ಇಂಚು, ಅಂದರೆ 88.9 ಮಿ.ಮೀ.; ಐದು ತಂತಿಗೆ ಹೆಚ್ಚಾಗಿ ಬಳಸುವ ‘40’ ಮಾದರಿಯ ಉದ್ದ 4 ಇಂಚು, ಅಂದರೆ 101.6 ಮಿ.ಮೀ. ಎರಡರ ಅಗಲವೂ 1.5 ಇಂಚು, ಅಂದರೆ 38.1 ಮಿ.ಮೀ. ಬೇರೆ ತಯಾರಕರ ಪಿಕಪ್‌ಗಳು ಇವಕ್ಕಿಂತ ಕೆಲವು ಮಿ.ಮೀ. ಹೆಚ್ಚು ಕಡಿಮೆ ಇರುತ್ತವೆ. ಮೂಲೆಗಳ ದುಂಡುತನವೂ ಭಿನ್ನ. ಆದ್ದರಿಂದ ಕೈಪಿಡಿಯ ಅಳತೆಯನ್ನು ನಂಬದೆ, ಪಿಕಪ್ಪನ್ನೂ ವಾದ್ಯದ ದೇಹದಲ್ಲಿ ಕೊರೆದ ಗುಂಡಿಯನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯುವುದು ಮೊದಲ ನಿಯಮ.

ಕವಚಕ್ಕೆ ಮೂರು ಅಳತೆಗಳು ಮುಖ್ಯ. ಮೊದಲನೆಯದು, ಹೊರ ಅಳತೆ. ಇದು ವಾದ್ಯದ ಗುಂಡಿಗೆ ಹೊಂದಬೇಕು. ಎರಡನೆಯದು, ಒಳ ಅಳತೆ. ಇದರೊಳಗೆ ಸುರುಳಿಗಳು ಒತ್ತಡವಿಲ್ಲದೆ ಕೂರಬೇಕು. ಮೂರನೆಯದು ಹಾಗೂ ಅತಿ ಮುಖ್ಯವಾದದ್ದು ಮೇಲ್ಭಾಗದ ದಪ್ಪ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿಹಿಡಿದಾಗ ತಂತಿಗೂ ಪಿಕಪ್ಪಿನ ಮೇಲ್ಮೈಗೂ ನಡುವೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಅಂತರವಿಡುತ್ತಾರೆ. ಅಯಸ್ಕಾಂತವು ತಂತಿಯಿಂದ ದೂರ ಸರಿದಷ್ಟೂ ಸಂಕೇತ ಬೇಗಬೇಗನೆ ಕ್ಷೀಣಿಸುತ್ತದೆ. ಆದ್ದರಿಂದ ಮೇಲ್ಭಾಗದ ದಪ್ಪವನ್ನು 1.5ರಿಂದ 2 ಮಿ.ಮೀ. ಒಳಗೆ ನಿಲ್ಲಿಸಬೇಕಾಗುತ್ತದೆ. ಇದಕ್ಕಿಂತ ದಪ್ಪವಾದರೆ ಸದ್ದು ಕುಗ್ಗುತ್ತದೆ. ತೆಳುವಾದರೆ ವಾದಕನ ಹೆಬ್ಬೆರಳಿನ ಒತ್ತಡಕ್ಕೇ ಬಿರುಕು ಬಿಡುತ್ತದೆ. ಬೇಸ್ ವಾದಕರಲ್ಲಿ ಬಹುಮಂದಿ ಹೆಬ್ಬೆರಳನ್ನು ಪಿಕಪ್ಪಿನ ಮೇಲೆಯೇ ಊರಿ ನುಡಿಸುತ್ತಾರೆಂಬುದನ್ನು ಮರೆಯುವಂತಿಲ್ಲ.

ತಯಾರಿಕಾ ವಿಧಾನ

ಮರದ ಕವಚವನ್ನು ಮೂರು ರೀತಿಯಲ್ಲಿ ಮಾಡಬಹುದು. ಪ್ಲಾಸ್ಟಿಕ್ ಕವಚದ ಮೇಲೆಯೇ ತೆಳು ಮರದ ಪದರವನ್ನು ಅಂಟಿಸುವುದು ಸುಲಭದ ದಾರಿ. ಆದರೆ ಪಕ್ಕದಿಂದ ನೋಡಿದಾಗ ಗುಟ್ಟು ರಟ್ಟಾಗುತ್ತದೆ. ನಾಲ್ಕು ಪಟ್ಟಿಗಳ ಚೌಕಟ್ಟು ಮಾಡಿ ಮೇಲೆ ಹಲಗೆ ಅಂಟಿಸುವುದು ಎರಡನೆಯದು. ಇದರಲ್ಲಿ ಕೀಲುಗಳು ಕಾಣುತ್ತವೆ. ಇಡೀ ತುಂಡನ್ನು ಒಳಗಿನಿಂದ ಕೊರೆದು ಪೆಟ್ಟಿಗೆಯಂತೆ ಮಾಡುವುದು ಮೂರನೆಯದು. ಗ್ರಾಹಕರು ಬಯಸುವುದು ಇದನ್ನೇ.

ಈ ಮೂರನೆಯ ವಿಧಾನದಲ್ಲಿ ಕೆಲಸದ ಅನುಕ್ರಮವೇ ಅರ್ಧ ಯಶಸ್ಸು. ಹೊಸಬರು ಮಾಡುವ ತಪ್ಪೆಂದರೆ, ತುಂಡನ್ನು ಮೊದಲೇ ಕವಚದ ಗಾತ್ರಕ್ಕೆ ಕತ್ತರಿಸಿಕೊಂಡು ಬಳಿಕ ಒಳಗನ್ನು ಕೊರೆಯಲು ತೊಡಗುವುದು. 4 ಇಂಚಿನ ತುಂಡನ್ನು ರೂಟರ್ ಯಂತ್ರದ ಕೆಳಗೆ ಭದ್ರವಾಗಿ ಹಿಡಿಯಲಾಗದು. ತುಂಡು ಸಿಡಿಯುತ್ತದೆ, ಬೆರಳಿಗೂ ಅಪಾಯ. ಅನುಭವಿಗಳು ಒಂದಡಿ ಉದ್ದದ ಹಲಗೆಯನ್ನು ಮೇಜಿಗೆ ಬಿಗಿದು, ಒಳಗುಳಿಯನ್ನು ಮೊದಲು ಕೊರೆದು, ಬಳಿಕವಷ್ಟೇ ಹೊರ ಆಕಾರವನ್ನು ಬ್ಯಾಂಡ್ ಗರಗಸದಿಂದ ಬಿಡಿಸಿಕೊಳ್ಳುತ್ತಾರೆ.

ಒಳಗುಳಿಗೆ 6 ಮಿ.ಮೀ. ದಪ್ಪದ ಎಂಡಿಎಫ್ ಅಥವಾ ಅಕ್ರಿಲಿಕ್ ಹಾಳೆಯಲ್ಲಿ ಮಾದರಿ ಹಲಗೆಯನ್ನು ಸಿದ್ಧಪಡಿಸಲಾಗುತ್ತದೆ. ಬೇರಿಂಗ್ ಇರುವ ರೂಟರ್ ಅಲಗು ಈ ಮಾದರಿಯ ಅಂಚನ್ನು ಅನುಸರಿಸಿ ಚಲಿಸುತ್ತದೆ. ಒಂದು ಸಲಕ್ಕೆ 1ರಿಂದ 2 ಮಿ.ಮೀ. ಆಳಕ್ಕಿಂತ ಹೆಚ್ಚು ಇಳಿಸಬಾರದು. ಅವಸರಪಟ್ಟರೆ ಅಲಗು ಕಾದು ಮರ ಸುಡುತ್ತದೆ, ಎಳೆ ಎದ್ದು ಬರುತ್ತದೆ. ಅಲಗು ದುಂಡಾಗಿ ತಿರುಗುವುದರಿಂದ ಒಳಮೂಲೆಗಳು ದುಂಡಾಗಿಯೇ ಉಳಿಯುತ್ತವೆ. 3 ಮಿ.ಮೀ. ವ್ಯಾಸದ ಅಲಗು ಕೂಡ ಮೂಲೆಯಲ್ಲಿ 1.5 ಮಿ.ಮೀ. ದುಂಡನ್ನು ಬಿಡುತ್ತದೆ. ಸುರುಳಿಯ ಚೌಕ ಮೂಲೆ ಅಲ್ಲಿ ತಾಗುವುದರಿಂದ ಹರಿತವಾದ ಉಳಿಯಿಂದ ಕೈಯಲ್ಲಿಯೇ ಬಿಡಿಸಬೇಕು.

ಮೇಲ್ಭಾಗದ ದಪ್ಪ 3 ಮಿ.ಮೀ.ಗೆ ಬಂದ ನಂತರ ಪ್ರತಿ ಇಳಿತಕ್ಕೂ ಅಳೆಯಬೇಕು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಈ ಹಂತಕ್ಕೆ ಹೇಳಿ ಮಾಡಿಸಿದಂತಿದೆ. ಹೊರಮೈಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜುವಾಗ ಮತ್ತೆ ಕಾಲು ಮಿ.ಮೀ. ಹೋಗುತ್ತದೆಂಬುದನ್ನು ಮೊದಲೇ ಲೆಕ್ಕಹಾಕಿ ಅಷ್ಟನ್ನು ಉಳಿಸಿಕೊಳ್ಳಬೇಕು. ಎಳೆ ವಕ್ರವಾಗಿರುವ ಗಂಟುಮರವಾದರೆ ಒಳಮೈಗೆ ತೆಳುವಾದ ಎಪಾಕ್ಸಿಯನ್ನು ಉಣಿಸಿ ಬಲಪಡಿಸುವುದು ವಾಡಿಕೆ.

ಗಣಕ ನಿಯಂತ್ರಿತ ಸಿಎನ್‌ಸಿ ರೂಟರ್ ಇರುವ ಘಟಕಗಳಿಗೆ ಕೊರೆತದ ಕೆಲಸ ಸುಲಭ. ಒಮ್ಮೆ ರೂಪಿಸಿದ ನಕ್ಷೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಆದರೆ ಮರದ ಎಳೆಯ ಆಯ್ಕೆ, ಒಳಮೂಲೆ, ಅಂತಿಮ ನಯಗೆಲಸ ಇವು ಕೈಯ ಕೆಲಸವಾಗಿಯೇ ಉಳಿಯುತ್ತವೆ. ಬೀಟೆ ಮರದ ಧೂಳು ಹಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುವುದರಿಂದ ಧೂಳು ಹೀರುವ ಯಂತ್ರ ಮತ್ತು ಮುಖಗವಸು ಕಡ್ಡಾಯವೆಂದು ತಿಳಿಯಬೇಕು.

ಮಳೆಗಾಲದ ಮರ, ಚಳಿನಾಡಿನ ಗ್ರಾಹಕ

ಅಳತೆಯನ್ನು ಎಷ್ಟೇ ನಿಖರವಾಗಿ ಕಾಯ್ದರೂ ಮರವು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಗಣನೆಗೆ ಬಾರದಷ್ಟು ಅಲ್ಪ, ಅಡ್ಡಕ್ಕೆ ಗಣನೀಯ. ಬೀಟೆ ಮರವು ಹಸಿ ಸ್ಥಿತಿಯಿಂದ ಪೂರ್ಣ ಒಣಗುವವರೆಗೆ ವಾರ್ಷಿಕ ಉಂಗುರಗಳ ಗುಂಟ ಸುಮಾರು ಶೇ. 6ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ. 3ಕ್ಕಿಂತ ತುಸು ಕಡಿಮೆ ಕುಗ್ಗುತ್ತದೆ.

ಒಂದು ಸರಳ ಲೆಕ್ಕ ನೋಡಬಹುದು. ಕರಾವಳಿಯ ಮಳೆಗಾಲದಲ್ಲಿ ಶೇ. 12ಕ್ಕೂ ಹೆಚ್ಚು ತೇವಾಂಶವಿರುವ ಮರದಲ್ಲಿ ಕವಚ ತಯಾರಾಯಿತೆಂದು ಭಾವಿಸೋಣ. ಅದು ಅಮೆರಿಕದ ಉತ್ತರ ಭಾಗದ ಅಥವಾ ಜರ್ಮನಿಯ ಮನೆಯೊಂದಕ್ಕೆ ಚಳಿಗಾಲದಲ್ಲಿ ತಲುಪುತ್ತದೆ. ಅಲ್ಲಿ ಮನೆಯೊಳಗೆ ಶಾಖಯಂತ್ರ ಉರಿಯುವುದರಿಂದ ಗಾಳಿ ಒಣಗಿ, ಮರದ ತೇವಾಂಶ ಶೇ. 8ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ತೇವಾಂಶದಲ್ಲಿ ಶೇಕಡ 4 ಅಂಶಗಳ ಇಳಿತವಾದರೆ 38 ಮಿ.ಮೀ. ಅಗಲದ ಕವಚವು ಸುಮಾರು 0.3 ಮಿ.ಮೀ. ಕುಗ್ಗುತ್ತದೆ. ಒಳಗಿರುವ ಪ್ಲಾಸ್ಟಿಕ್ ಮತ್ತು ಗಟ್ಟಿಯಾದ ಎಪಾಕ್ಸಿ ಕುಗ್ಗುವುದಿಲ್ಲ. ಕುಗ್ಗುವ ಮರವು ಕುಗ್ಗದ ವಸ್ತುವನ್ನು ತಬ್ಬಿದಾಗ ಬಿರಿಯುವುದು ಮರವೇ. ಇಲ್ಲಿಂದ ಹೊರಡುವಾಗ ಕೈಗನ್ನಡಿಯಂತಿದ್ದ ಕವಚ ಅಲ್ಲಿ ಮೂಲೆಯಿಂದ ಮೂಲೆಗೆ ಸೀಳಿರುತ್ತದೆ. ಸರಕು ಹಿಂದಿರುಗುತ್ತದೆ, ಬೇಡಿಕೆ ಮತ್ತೆ ಬರುವುದಿಲ್ಲ.

ಇದಕ್ಕೆ ಪರಿಹಾರಗಳಿವೆ. ಮೊದಲನೆಯದಾಗಿ, ಮರವನ್ನು ಒಣಗೂಡಿನಲ್ಲಿ ಶೇ. 8ರ ಆಸುಪಾಸಿಗೆ ಇಳಿಸಿ, ತೇವಮಾಪಕದಿಂದ ಪರೀಕ್ಷಿಸಿ, ಬಳಸುವವರೆಗೆ ಮುಚ್ಚಿದ ಚೀಲದಲ್ಲಿ ಇಡುವುದು. ಎರಡನೆಯದಾಗಿ, ಉಂಗುರಗಳು ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ಕೊಯ್ದ ತುಂಡನ್ನು ಆರಿಸುವುದು. ಆಗ ಅದೇ ಇಳಿತಕ್ಕೆ ಕುಗ್ಗುವಿಕೆ 0.15 ಮಿ.ಮೀ.ಗಿಂತ ಕಡಿಮೆಯಾಗುತ್ತದೆ. ಮೂರನೆಯದಾಗಿ, ಸುರುಳಿ ಮತ್ತು ಕವಚದ ನಡುವೆ ಅಗಲದ ದಿಕ್ಕಿನಲ್ಲಿ ಒಟ್ಟು ಅರ್ಧ ಮಿ.ಮೀ.ನಷ್ಟು ಸಡಿಲ ಬಿಟ್ಟು, ಮೃದುವಾದ ತುಂಬುಪದಾರ್ಥ ಬಳಸುವುದು. ನಾಲ್ಕನೆಯದಾಗಿ, ಲೇಪವನ್ನು ಹೊರಮೈಗಷ್ಟೇ ಅಲ್ಲದೆ ಒಳಮೈಗೂ ಸಮನಾಗಿ ಬಳಿಯುವುದು. ಒಂದೇ ಮೈಗೆ ಬಳಿದರೆ ಬಳಿಯದ ಮೈ ತೇವ ಹೀರಿ ಕವಚ ಬಾಗುತ್ತದೆ. ಬೀಟೆಯಲ್ಲಿ ಸಹಜ ಎಣ್ಣೆಯಂಶವಿರುವುದರಿಂದ ಪಾಲಿಯೆಸ್ಟರ್ ಲೇಪ ನೇರವಾಗಿ ಬಳಿದರೆ ಸರಿಯಾಗಿ ಒಣಗದು. ಮೊದಲು ಮೇಣ ತೆಗೆದ ಶೆಲ್ಲಾಕ್ ಅಥವಾ ಎಪಾಕ್ಸಿಯ ತೆಳು ಪದರ ಕೊಡುವುದು ರೂಢಿ.

ಜೋಡಣೆ ಮತ್ತು ಪರೀಕ್ಷೆ

ಕವಚವನ್ನು ಮಾತ್ರ ಮಾರುವವರೂ ಜೋಡಣೆಯ ವಿಷಯ ಅರಿತಿರಬೇಕು. ಲೋಹದ ಕವಚವು ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುತ್ತದೆ, ಮರ ತಡೆಯದು. ಗೋಡೆಯ ವಿದ್ಯುತ್ತಿನ ಆವರ್ತನ ಭಾರತ ಮತ್ತು ಯುರೋಪಿನಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಶ್ರುತಿ 41.2 ಹರ್ಟ್ಸ್, ಮುಂದಿನದು 55 ಹರ್ಟ್ಸ್. ಅಂದರೆ ವಿದ್ಯುತ್ತಿನ ಗುಂಯ್‌ಗುಡುವ ಸದ್ದು ನೇರವಾಗಿ ವಾದ್ಯದ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಇದನ್ನು ತಗ್ಗಿಸಲು ಕವಚದ ಒಳಗೋಡೆಗಳಿಗೆ ತಾಮ್ರದ ತೆಳು ಹಾಳೆಯನ್ನು ಅಂಟಿಸಿ, ಅದನ್ನು ಗ್ರೌಂಡ್ ತಂತಿಗೆ ಬೆಸೆಯಲಾಗುತ್ತದೆ. ಮೇಲ್ಭಾಗಕ್ಕೂ ದಪ್ಪ ಹಾಳೆ ಅಂಟಿಸಿದರೆ ಅದರಲ್ಲಿ ಹುಟ್ಟುವ ಸುಳಿವಿದ್ಯುತ್ತಿನಿಂದ ನಾದದ ಮೊನಚು ತುಸು ಕುಂದುವ ಸಂಭವವಿದೆ.

ಸುರುಳಿ ಸಡಿಲವಾಗಿದ್ದರೆ ಹೆಚ್ಚಿನ ಧ್ವನಿಯಲ್ಲಿ ಕೀರಲು ಸದ್ದು ಏಳುತ್ತದೆ. ಅದಕ್ಕಾಗಿ ಸುರುಳಿಯನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಪ್ಯಾರಾಫಿನ್ ಮತ್ತು ಜೇನುಮೇಣದ ಮಿಶ್ರಣದಲ್ಲಿ ಅದ್ದುತ್ತಾರೆ. ಈ ಕೆಲಸ ಕವಚ ತೊಡಿಸುವ ಮೊದಲೇ ಮುಗಿಯಬೇಕು. ಮರದ ಕವಚವನ್ನೂ ಸೇರಿಸಿ ಅದ್ದಿದರೆ ಮೇಣ ಹೀರಿದ ಮರಕ್ಕೆ ಬಳಿಕ ಯಾವ ಅಂಟೂ ಲೇಪವೂ ಹಿಡಿಯುವುದಿಲ್ಲ.

ಕವಚ ತೊಡಿಸುವ ಮೊದಲು ಮತ್ತು ನಂತರ ಮಲ್ಟಿಮೀಟರಿನಿಂದ ಸುರುಳಿಯ ವಿದ್ಯುತ್ ರೋಧವನ್ನು ಅಳೆದು ಬರೆದಿಡುವುದು ಒಳ್ಳೆಯ ಪದ್ಧತಿ. ತಾಮ್ರದ ರೋಧವು ಉಷ್ಣಾಂಶ 10 ಡಿಗ್ರಿ ಏರಿದರೆ ಶೇ. 4ರಷ್ಟು ಏರುವುದರಿಂದ ಎರಡೂ ಅಳತೆಗಳನ್ನು ಒಂದೇ ಉಷ್ಣಾಂಶದಲ್ಲಿ ಮಾಡಬೇಕು. ಕಾಗದದ ಮೇಲಿನ ಈ ಎರಡು ಅಂಕಿಗಳು ಮುಂದೆ ‘ಸುರುಳಿ ಕಡಿದದ್ದು ಯಾರ ಕೈಯಲ್ಲಿ’ ಎಂಬ ವಿವಾದವನ್ನು ಬಗೆಹರಿಸುತ್ತವೆ.

ಯಾವ ಮರ?

ವಿದೇಶಗಳಲ್ಲಿ ಮೇಪಲ್, ವಾಲ್‌ನಟ್, ಎಬೊನಿ ಮುಂತಾದವು ಬಳಕೆಯಲ್ಲಿವೆ. ಕರ್ನಾಟಕದ ಸಂಬಂಧ ಬರುವುದು ಬೀಟೆಯ ಮೂಲಕ. ಅಮೆರಿಕದ ಹೆಸರಾಂತ ಗಿಟಾರ್ ಸಂಸ್ಥೆ ಮಾರ್ಟಿನ್ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ಡಿನಿಂದ ಭಾರತದ ಬೀಟೆಗೆ ಹೊರಳಿತು. ಅಂದಿನಿಂದ ದಕ್ಷಿಣ ಭಾರತದ ಬೀಟೆಯು ಜಗತ್ತಿನ ಗಿಟಾರ್‌ಗಳ ಬೆರಳುಹಲಗೆ, ಪಕ್ಕ ಹಾಗೂ ಬೆನ್ನಿನ ಹಲಗೆಗಳಿಗೆ ಪರಿಚಿತ ಮರವಾಗಿದೆ. ಬೆರಳುಹಲಗೆ ಬೀಟೆಯದಾದರೆ ಪಿಕಪ್ ಕವಚವೂ ಬೀಟೆಯದೇ ಇರಲೆಂಬ ಬಯಕೆ ಸಹಜ.

ಬೀಟೆಯೊಂದೇ ದಾರಿಯಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಮರವು ಇಲ್ಲಿ ಪ್ಲೈವುಡ್ಡಿಗೂ ಪೆಟ್ಟಿಗೆಗಳಿಗೂ ಹೋಗುತ್ತದೆ. ಇದೇ ಮರವನ್ನು ಸರಿಯಾದ ಕೋನದಲ್ಲಿ ಕೊಯ್ದರೆ ಮೇಲ್ಮೈಯಲ್ಲಿ ಕಸೂತಿಯಂತಹ ಚುಕ್ಕೆವಿನ್ಯಾಸ ಮೂಡುತ್ತದೆ. ಹೊರದೇಶಗಳ ಮರದ ವ್ಯಾಪಾರದಲ್ಲಿ ‘ಲೇಸ್‌ವುಡ್’ ಎಂಬ ಹೆಸರಿನಿಂದ ಮಾರಾಟವಾಗುವ ಮರಗಳಲ್ಲಿ ಇದೂ ಒಂದು. ಬೀಟೆಗಿಂತ ಮೃದುವಾದುದರಿಂದ ಮೇಲ್ಭಾಗದ ಒಳಮೈಗೆ ಎಪಾಕ್ಸಿಯ ಬಲ ಕೊಡಬೇಕು. ಹಲಸಿನ ಹೊಂಬಣ್ಣವೂ ನೋಟಕ್ಕೆ ಸೊಗಸು. ಕೊಯ್ಯುವ ಕೋನವೊಂದನ್ನು ಬದಲಿಸಿದರೆ ಪೆಟ್ಟಿಗೆಯ ಮರ ವಾದ್ಯದ ಮರವಾಗಬಲ್ಲದು ಎಂಬುದು ಸಾಮಿಲ್ ಮಾಲೀಕರು ಯೋಚಿಸಬೇಕಾದ ವಿಷಯ.

ಕಾನೂನಿನ ಅಂಶಗಳು

ಬೀಟೆಯನ್ನು ಕಡಿಯಲು ಹಾಗೂ ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ರಫ್ತಿನ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮಗಳೂ ಸೇರುತ್ತವೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧಕ್ಕೆ, ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲವೂ 2017ರ ಜನವರಿ 2ರಿಂದ ಒಳಪಟ್ಟವು; ಬ್ರೆಜಿಲ್‌ನ ರೋಸ್‌ವುಡ್ ಮಾತ್ರ 1992ರಲ್ಲಿಯೇ ಮೊದಲನೆಯ ಅನುಬಂಧ ಸೇರಿತ್ತು. ಇದರಿಂದ ಸಿದ್ಧ ಗಿಟಾರ್‌ಗಳ ಸಾಗಣೆಗೂ ಪರವಾನಗಿ ಬೇಕಾಗಿ ವಾದ್ಯ ವ್ಯಾಪಾರ ಗೊಂದಲಕ್ಕೀಡಾಯಿತು; ಕೆಲವು ತಯಾರಕರು ಬೀಟೆಯನ್ನೇ ಕೈಬಿಟ್ಟು ಬೇರೆ ಮರಗಳಿಗೆ ಹೋದರು. 2019ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನವು ಸಿದ್ಧ ವಾದ್ಯಗಳು, ಸಿದ್ಧ ವಾದ್ಯಭಾಗಗಳು ಮತ್ತು ಸಿದ್ಧ ಉಪಕರಣಗಳಿಗೆ ವಿನಾಯಿತಿ ನೀಡಿತು. ಆ ವರ್ಷದ ನವೆಂಬರ್ 26ರಿಂದ ಅದು ಜಾರಿಗೆ ಬಂದಿತು.

ಇಲ್ಲಿ ‘ಸಿದ್ಧ’ ಎಂಬ ಪದಕ್ಕೆ ಬಹಳ ತೂಕವಿದೆ. ನೇರವಾಗಿ ವಾದ್ಯಕ್ಕೆ ಕೂರಿಸಬಹುದಾದ ಭಾಗ ಮಾತ್ರ ವಿನಾಯಿತಿಗೆ ಅರ್ಹ. ಅರ್ಧ ಕೊರೆದ ತುಂಡು ಅಥವಾ ಅಳತೆಗೆ ಕೊಯ್ದ ಪಟ್ಟಿ ಅರ್ಹವಲ್ಲ. ಕೆಲಸ ಪೂರ್ಣಗೊಂಡ ಸರಕಿಗೂ ಅಪೂರ್ಣ ಸರಕಿಗೂ ನಡುವೆ ಬೆಲೆಯ ಅಂತರವಷ್ಟೇ ಅಲ್ಲ, ಕಾನೂನಿನ ಅಂತರವೂ ಇದೆ ಎಂದಾಯಿತು. ಸುಂಕ ವರ್ಗೀಕರಣದಲ್ಲಿಯೂ ಇದೇ ವ್ಯತ್ಯಾಸ. ವಾದ್ಯಭಾಗಗಳು 9209 ಶೀರ್ಷಿಕೆಯಡಿ ಬರುತ್ತವೆ. 6 ಮಿ.ಮೀ.ಗಿಂತ ದಪ್ಪವಾಗಿ ಕೊಯ್ದ ಮರ 4407ರಡಿ, ಅದಕ್ಕಿಂತ ತೆಳುವಾದ ಹಾಳೆಗಳು 4408ರಡಿ ಬರುತ್ತವೆ.

ಈ ಅಂಕಿಗಳು ಎಷ್ಟು ದೂರ ಹೋಗಬಲ್ಲವೆಂಬುದಕ್ಕೆ 2011ರ ಆಗಸ್ಟ್ 24ರ ಘಟನೆಯೇ ಸಾಕ್ಷಿ. ಅಂದು ಅಮೆರಿಕದ ಅಧಿಕಾರಿಗಳು ಟೆನೆಸ್ಸೀ ರಾಜ್ಯದಲ್ಲಿ ಗಿಬ್ಸನ್ ಗಿಟಾರ್ ಸಂಸ್ಥೆಯ ಘಟಕಗಳನ್ನು ಶೋಧಿಸಿ, ಭಾರತದಿಂದ ಬಂದ ಬೆರಳುಹಲಗೆಯ ಪಟ್ಟಿಗಳನ್ನು ವಶಪಡಿಸಿಕೊಂಡರು. ಸುಮಾರು 10 ಮಿ.ಮೀ. ದಪ್ಪದ ಆ ಪಟ್ಟಿಗಳು ಸಿದ್ಧ ಭಾಗಗಳೋ ತೆಳು ಹಾಳೆಗಳೋ ಅಥವಾ ಭಾರತ ರಫ್ತು ನಿಷೇಧಿಸಿದ್ದ ಕೊಯ್ದ ಮರವೋ ಎಂಬುದೇ ವಾದದ ತಿರುಳಾಗಿತ್ತು. 2012ರ ಆಗಸ್ಟ್‌ನಲ್ಲಿ ಸಂಸ್ಥೆಯು ಸರ್ಕಾರದೊಡನೆ ಒಪ್ಪಂದಕ್ಕೆ ಬಂದು 3 ಲಕ್ಷ ಡಾಲರ್ ದಂಡ ತೆತ್ತಿತು. ದಂಡಕ್ಕೆ ಆಧಾರವಾದದ್ದು 2009ರಲ್ಲಿ ಶೋಧಿಸಲಾಗಿದ್ದ ಮಡಗಾಸ್ಕರ್‌ನ ಎಬೊನಿಯ ಪ್ರಕರಣವೇ ಹೊರತು ಭಾರತದ ಮರವಲ್ಲ. ಆದರೂ ಒಂದು ವರ್ಗೀಕರಣದ ಅಂಕಿಯಿಂದ ಸರಕು ತಿಂಗಳುಗಟ್ಟಲೆ ಸಿಲುಕಬಹುದೆಂಬ ಪಾಠ ಇದರಲ್ಲಿದೆ.

ಆದ್ದರಿಂದ ಡಿಪೊ ಹರಾಜಿನ ರಸೀದಿ, ಸಾಗಣೆ ಪರವಾನಗಿ, ಮರದ ವೈಜ್ಞಾನಿಕ ಹೆಸರು ಇವನ್ನು ಪ್ರತಿ ರವಾನೆಯೊಡನೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ರವಾನೆಗೆ ಮುನ್ನ ಕಸ್ಟಮ್ಸ್ ಪ್ರತಿನಿಧಿಯನ್ನು ವಿಚಾರಿಸುವುದು ಲೇಸು.

ಲೆಕ್ಕಾಚಾರ

ಐದು ತಂತಿಯ ಅಳತೆಯ ಒಂದು ಕವಚಕ್ಕೆ ಬೇಕಾಗುವ ಮರ 102 ಮಿ.ಮೀ. ಉದ್ದ, 38 ಮಿ.ಮೀ. ಅಗಲ, 20 ಮಿ.ಮೀ. ದಪ್ಪ, ಅಂದರೆ ಸುಮಾರು 78 ಘನ ಸೆಂ.ಮೀ. ಒಂದು ಘನ ಅಡಿ ಮರದಲ್ಲಿ ಅರ್ಧದಷ್ಟು ಗರಗಸದ ಹೊಟ್ಟಿಗೂ ಗಂಟು-ಬಿರುಕುಗಳಿಗೂ ಹೋಯಿತೆಂದರೂ 180 ಕವಚಗಳಿಗೆ ಸಾಕು. ಮರದ ಖರ್ಚು ಒಟ್ಟು ವೆಚ್ಚದಲ್ಲಿ ಅತ್ಯಲ್ಪವೆಂಬುದು ಇದರಿಂದ ಸ್ಪಷ್ಟ.

ನಿಜವಾದ ವೆಚ್ಚವಿರುವುದು ಸಮಯದಲ್ಲಿ. ಲೆಕ್ಕದ ಅನುಕೂಲಕ್ಕಾಗಿ ಒಂದು ಅಳತೆಯ ಮಾದರಿ ಹಲಗೆ ಸಿದ್ಧಪಡಿಸಲು 3 ಗಂಟೆ, ಒಂದು ಜೊತೆ ಕವಚದ ಕೊರೆತ ಮತ್ತು ನಯಗೆಲಸಕ್ಕೆ 2 ಗಂಟೆ ಎಂದಿಟ್ಟುಕೊಳ್ಳೋಣ. ಒಂದೇ ಜೊತೆಯಾದರೆ 5 ಗಂಟೆ. ಅದೇ ಅಳತೆಯ ಹತ್ತು ಜೊತೆಗೆ 23 ಗಂಟೆ, ಜೊತೆಗೆ 2.3 ಗಂಟೆ. ಆದರೆ ಹತ್ತರಲ್ಲಿ ಮೂರು ಜೊತೆ ಬಿರುಕು ಬಿಟ್ಟರೆ ಉಳಿದ ಏಳಕ್ಕೆ ತಲಾ 3.3 ಗಂಟೆ ಬೀಳುತ್ತದೆ. ಲಾಭವನ್ನು ನಿರ್ಧರಿಸುವುದು ಮರದ ದರವಲ್ಲ. ಮಾದರಿ ಹಲಗೆಗಳನ್ನು ಎಷ್ಟು ಸಲ ಬಳಸಿದೆವು, ಎಷ್ಟು ಕವಚ ತಿರಸ್ಕೃತವಾದವು ಎಂಬ ಎರಡೇ ಅಂಶಗಳು. ಪ್ರತಿ ಮಾದರಿ ಹಲಗೆಯ ಮೇಲೆ ಪಿಕಪ್ಪಿನ ಹೆಸರು ಮತ್ತು ಅಳತೆ ಬರೆದು ಕಾಪಾಡುವವನಿಗೆ ವರ್ಷಗಳು ಕಳೆದಂತೆ ಅದೇ ಬಂಡವಾಳವಾಗುತ್ತದೆ.

ಕವಚವೊಂದನ್ನೇ ನಂಬಿ ಘಟಕ ನಡೆಸುವುದು ಕಷ್ಟ. ಅದೇ ಮರದ ಜೊತೆ ಸರಕುಗಳನ್ನೂ ನೀಡಬಹುದು. ಧ್ವನಿ ನಿಯಂತ್ರಣದ ಗುಬುಟು, ಹಿಂಬದಿಯ ವಿದ್ಯುತ್ ಗುಂಡಿಯ ಮುಚ್ಚಳ, ಬೆರಳಿಗೆ ಆಸರೆಯಾಗುವ ಪಟ್ಟಿ ಇತ್ಯಾದಿ. ಗುಬುಟುಗಳು ತಿರುಗಣಿಯ ಕೆಲಸ. ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಅದು ಕರತಲಾಮಲಕ. ಅಲ್ಲಿಯೂ ಅಳತೆಯ ಎಚ್ಚರ ಬೇಕು: ಕೆಲವು ನಿಯಂತ್ರಕಗಳ ಕಡ್ಡಿ 6 ಮಿ.ಮೀ., ಅಮೆರಿಕದ ಅನೇಕವುಗಳದು ಕಾಲು ಇಂಚು, ಅಂದರೆ 6.35 ಮಿ.ಮೀ. ಮೂರನೆಯ ಒಂದು ಮಿ.ಮೀ. ವ್ಯತ್ಯಾಸಕ್ಕೆ ಗುಬುಟು ಕೂರುವುದಿಲ್ಲ ಅಥವಾ ನಿಲ್ಲುವುದಿಲ್ಲ. ತೆಳು ಮರದ ತುಂಡುಗಳನ್ನು ಸಂದಿಲ್ಲದೆ ಕೂರಿಸುವ ಮೈಸೂರಿನ ಬೀಟೆ ಇನ್‌ಲೇ ಕೆಲಸಗಾರರ ಕೌಶಲವೂ ಈ ಕ್ಷೇತ್ರಕ್ಕೆ ನೇರವಾಗಿ ಸಲ್ಲುವಂಥದ್ದು.

ಕೈಯಲ್ಲಿ ಕೌಶಲವಿದೆ, ತೋಟದಲ್ಲಿ ಮರವಿದೆ. ಇವೆರಡರ ನಡುವೆ ಬೇಕಾಗಿರುವುದು ಒಂದು ಕ್ಯಾಲಿಪರ್, ಒಂದು ತೇವಮಾಪಕ ಮತ್ತು ಬರೆದಿಡುವ ಅಭ್ಯಾಸ. ಈ ಮೂರನ್ನು ರೂಢಿಸಿಕೊಂಡ ಘಟಕವು ಪಿಕಪ್ ಕವಚವನ್ನಷ್ಟೇ ಅಲ್ಲ, ಅಳತೆ ಕೇಳುವ ಯಾವ ಮರದ ಭಾಗವನ್ನಾದರೂ ಆತ್ಮವಿಶ್ವಾಸದಿಂದ ಒಪ್ಪಿಕೊಳ್ಳಬಲ್ಲದು. ಮರವನ್ನು ತೂಕಕ್ಕೆ ಮಾರುವ ವ್ಯಾಪಾರಕ್ಕೂ ಅಳತೆಗೆ ಮಾರುವ ಉದ್ಯಮಕ್ಕೂ ಇರುವ ವ್ಯತ್ಯಾಸ ಇಷ್ಟೇ.